ಶಿಂತೋ ದೇಗುಲದಲ್ಲಿ ದರ್ಶನವಿಲ್ಲದ ಪೂಜೆ: ಜಪಾನ್‌ಗೆ ಹೊರಟವರಿಗೆ ಒಂದು ಉತ್ತರ

ಪ್ರಶ್ನೆ: ನವೆಂಬರ್‌ನಲ್ಲಿ ನಾನು ಮತ್ತು ನನ್ನ ಪತಿ ಟೋಕಿಯೊದಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಕ್ಯೋಟೋ, ಇಸೆ ಕಡೆಗೂ ಹೋಗುವ ಯೋಚನೆಯಿದೆ. ಅಲ್ಲಿನ ಶಿಂತೋ ದೇಗುಲಗಳಲ್ಲಿ ಬೇರೆ ದೇವರನ್ನು ಪೂಜಿಸುವ ನಮ್ಮಂಥವರು ಕೈಮುಗಿಯಬಹುದೇ? ಚಪ್ಪಲಿ ಎಲ್ಲಿ ಬಿಡಬೇಕು? ಹೂವು ಹಣ್ಣು ಒಯ್ಯಬಹುದೇ? ಚಪ್ಪಾಳೆ ತಟ್ಟುತ್ತಾರಂತೆ, ಏಕೆ? ನನ್ನ ಅತ್ತೆಯವರು ಸೆಪ್ಟೆಂಬರ್ ಕೊನೆಯಲ್ಲಿ ತೀರಿಕೊಂಡರು. ವರ್ಷಾಬ್ದಿಕ ಮುಗಿಯದೆ ಹೋಗುವುದು ಸರಿಯೇ? ಅಲ್ಲಿಂದ ತಂದ ರಕ್ಷೆಯನ್ನು ನಮ್ಮ ದೇವರ ಮನೆಯಲ್ಲಿ ಇಡಬಹುದೇ?

ಉತ್ತರ: ಖಂಡಿತ ಕೈಮುಗಿಯಬಹುದು. ನೀವು ಯಾವ ಧರ್ಮದವರೆಂದು ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಜಪಾನಿನ ಮೂಲ ಧರ್ಮವಾದ ಶಿಂತೋಗೆ ಸ್ಥಾಪಕರಿಲ್ಲ. ಒಳಗೆ ಬರುವವರು ಒಪ್ಪಿಕೊಳ್ಳಲೇಬೇಕಾದ ಸಿದ್ಧಾಂತವೂ ಇಲ್ಲ. ದೇವತೆಗಳ ಕಥೆಗಳು 712ರ ಕೊಜಿಕಿ ಮತ್ತು 720ರ ನಿಹೊನ್ ಶೊಕಿ ಎಂಬ ಹಳೆಯ ಗ್ರಂಥಗಳಲ್ಲಿವೆ. ಅವನ್ನು ಎಂದೂ ಓದಿರದ ಜಪಾನೀಯರು ಹೊಸ ವರ್ಷದ ದಿನ ದೇಗುಲದ ಮುಂದೆ ಗಂಟೆಗಟ್ಟಲೆ ಸಾಲು ನಿಲ್ಲುತ್ತಾರೆ, ಅದೇ ಮನೆಯವರು ಸತ್ತ ಹಿರಿಯರಿಗೆ ಬೌದ್ಧ ಭಿಕ್ಷುಗಳನ್ನು ಕರೆಸುತ್ತಾರೆ. ಎರಡು ಕಡೆ ನಡೆದುಕೊಳ್ಳುವುದು ಅವರಿಗೆ ಸಹಜ. ದೇಶದಲ್ಲಿ ಸುಮಾರು 80,000 ಶಿಂತೋ ದೇಗುಲಗಳಿದ್ದು, ಅವುಗಳಲ್ಲಿ ಬಹುಪಾಲು ಊರಿನ, ಬೀದಿಯ, ಗುಡ್ಡದ ಬದಿಯ ಚಿಕ್ಕ ಗುಡಿಗಳೇ. ಜಪಾನೀಯರು ಅವನ್ನು ಸಾಮಾನ್ಯವಾಗಿ ಜಿಂಜಾ ಎನ್ನುತ್ತಾರೆ. ಅಲ್ಲಿ ನೆಲೆಸಿರುವ ದೇವತೆಗೆ ಕಾಮಿ ಎಂದು ಹೆಸರು.

ನೀವು ಕೇಳಿದ್ದಕ್ಕೆಲ್ಲ ಉತ್ತರಿಸುವ ಮುನ್ನ ಒಂದು ಮುಖ್ಯ ವಿಷಯ ಹೇಳಬೇಕು. ನಮ್ಮ ದೇವಾಲಯಕ್ಕೆ ಹೋಗುವವರು ದರ್ಶನಕ್ಕೆಂದು ಹೋಗುತ್ತಾರೆ. ಗರ್ಭಗುಡಿಯ ಮೂರ್ತಿಯನ್ನು ಕಣ್ತುಂಬ ನೋಡುವುದೇ ಅಲ್ಲಿ ಪೂಜೆಯ ಸಾರ. ಶಿಂತೋದಲ್ಲಿ ಈ ದರ್ಶನವೇ ಇಲ್ಲ. ನೀವು ನಿಂತು ನಮಸ್ಕರಿಸುವ ಕಟ್ಟಡ ಬರೀ ಪ್ರಾರ್ಥನಾ ಮಂಟಪ. ಅದರ ಹಿಂದೆ ಮುಚ್ಚಿದ ಬಾಗಿಲಿನ ಗರ್ಭಗೃಹವಿದೆ, ಅದರೊಳಗೆ ಕಾಮಿಯ ಆಶ್ರಯವೆನಿಸಿದ ಒಂದು ವಸ್ತುವಿದೆ. ಅದು ಕನ್ನಡಿಯಿರಬಹುದು, ಖಡ್ಗವಿರಬಹುದು, ಕಲ್ಲಿರಬಹುದು. ಸುತ್ತು ಸುತ್ತಾಗಿ ಹೊದಿಸಿಟ್ಟಿರುವ ಆ ವಸ್ತುವನ್ನು ನೋಡುವ ಹಕ್ಕು ಅಲ್ಲಿನ ಅರ್ಚಕರಿಗೂ ಸಾಮಾನ್ಯವಾಗಿ ಇರುವುದಿಲ್ಲ. ಮಂಟಪದೊಳಗೆ ದುಂಡನೆಯ ಕನ್ನಡಿಯೊಂದು ಹೊಳೆಯುವುದು ಕಂಡರೂ ಅದೇ ದೇವರೆಂದು ತಿಳಿಯಬೇಡಿ, ಹೆಚ್ಚಿನ ಕಡೆ ಅದು ಮಂಟಪದ ಅಲಂಕಾರ. ನಾರಾ ಪ್ರಾಂತದ ಓಮಿವಾ ದೇಗುಲದಲ್ಲಂತೂ ಗರ್ಭಗೃಹವೇ ಇಲ್ಲ, ಹಿಂದಿರುವ ಮಿವಾ ಬೆಟ್ಟವೇ ದೇವರು. ಈ ಒಂದು ಸಂಗತಿ ಮನಸ್ಸಿಗೆ ಇಳಿದರೆ ಉಳಿದ ಆಚಾರಗಳೆಲ್ಲ ತಾವಾಗಿ ಅರ್ಥವಾಗುತ್ತವೆ. ಇಣುಕಿ ನೋಡುವುದಿಲ್ಲ, ಮೊಬೈಲ್ ಚಾಚಿ ಒಳಗಿನ ಚಿತ್ರ ತೆಗೆಯುವುದಿಲ್ಲ. ಕಣ್ಣಿಗೆ ಕೆಲಸವಿಲ್ಲದ ಈ ಪೂಜೆ ಕಾಲು, ಕೈ, ಬೆನ್ನುಗಳಿಂದ ನಡೆಯುತ್ತದೆ.

ಹೊರಗಿನ ತೋರಿ ಎಂಬ ಕಮಾನಿನಿಂದಲೇ ಅದು ಆರಂಭ. ಎರಡು ಕಂಬ, ಮೇಲೆ ಎರಡು ಅಡ್ಡಪಟ್ಟಿ, ಬಾಗಿಲಿಲ್ಲ, ಗೋಡೆಯೂ ಇಲ್ಲ. ಆದರೂ ಅದರಾಚೆ ಬೇರೆಯದೇ ನೆಲ. ದಾಟುವ ಮೊದಲು ಒಂದು ಕ್ಷಣ ನಿಂತು ಸ್ವಲ್ಪ ಬಾಗಿ, ಟೋಪಿಯಿದ್ದರೆ ತೆಗೆಯಿರಿ. ಹಿಂದಿರುಗುವಾಗಲೂ ಹೊರಗೆ ಬಂದ ಮೇಲೆ ತಿರುಗಿ ನಿಂತು ಬಾಗಿ. ಒಳಗಿನ ದಾರಿಯ ನಡುಮಧ್ಯವನ್ನು ಕಾಮಿಗೆಂದು ಬಿಟ್ಟು ಬದಿಯಲ್ಲಿ ನಡೆಯುವುದು ವಾಡಿಕೆ. ಜನಜಂಗುಳಿಯಲ್ಲಿ ಅದು ಸಾಧ್ಯವಾಗದಿದ್ದರೆ ಯಾರೂ ಆಕ್ಷೇಪಿಸುವುದಿಲ್ಲ.

ಮುಂದೆ ನೀರಿನ ತೊಟ್ಟಿ ಸಿಗುತ್ತದೆ. ಇದನ್ನು ಅವಸರದಲ್ಲಿ ಮುಗಿಸಬೇಡಿ, ಶಿಂತೋದ ಹೃದಯವಿರುವುದೇ ಶುದ್ಧಿಯಲ್ಲಿ. ಬಲಗೈಯಲ್ಲಿ ಸೌಟು ಹಿಡಿದು ನೀರು ತುಂಬಿಸಿಕೊಳ್ಳಿ, ಆ ಒಂದೇ ಸೌಟು ನೀರಿನಲ್ಲಿ ಎಲ್ಲ ಮುಗಿಯಬೇಕು. ಮೊದಲು ಎಡಗೈ ತೊಳೆದು, ಸೌಟನ್ನು ಎಡಗೈಗೆ ಬದಲಿಸಿ ಬಲಗೈ ತೊಳೆಯಿರಿ. ಮತ್ತೆ ಬಲಗೈಗೆ ತೆಗೆದುಕೊಂಡು ಎಡ ಬೊಗಸೆಗೆ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸಿ ಮೆಲ್ಲನೆ ಕೆಳಗೆ ಬಿಡಿ. ಇನ್ನೊಮ್ಮೆ ಎಡಗೈ ತೊಳೆದು, ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿ ಹಿಡಿದರೆ ಉಳಿದ ನೀರು ಹಿಡಿಯ ಮೇಲೆ ಇಳಿದು ಅದನ್ನೂ ತೊಳೆಯುತ್ತದೆ. ಮುಂದೆ ಬರುವವರಿಗೆ ಸೌಟನ್ನು ಶುದ್ಧವಾಗಿ ಒಪ್ಪಿಸುವ ಈ ಕೊನೆಯ ಹೆಜ್ಜೆ ನನಗೆ ಬಹಳ ಇಷ್ಟ. ಸೌಟಿಗೆ ಬಾಯಿ ತಾಗಿಸಬಾರದು, ಉಗುಳಿದ ನೀರು ತೊಟ್ಟಿಯೊಳಗೆ ಬೀಳಬಾರದು. ಕೋವಿಡ್ ಕಾಲದಲ್ಲಿ ಹಲವು ದೇಗುಲಗಳು ಸೌಟುಗಳನ್ನು ತೆಗೆದು ಬಿದಿರಿನ ಕೊಳವೆಯಿಂದ ನೀರು ಹರಿಯುವಂತೆ ಮಾಡಿದವು. ಅಂಥ ಕಡೆ ಹರಿಯುವ ನೀರಿನಲ್ಲಿ ಕೈ ತೊಳೆದರೆ ಸಾಕು. ಕೈ ಒರೆಸಿಕೊಳ್ಳಲು ಒಂದು ಕರವಸ್ತ್ರ ಜೊತೆಗಿರಲಿ.

ಚಪ್ಪಲಿಯ ವಿಷಯ. ಮಂಟಪದ ಮುಂದೆ ನಿಂತು ನಮಸ್ಕರಿಸಲು ಪಾದರಕ್ಷೆ ತೆಗೆಯಬೇಕಿಲ್ಲ, ತೆಗೆದು ಬರಿಗಾಲಲ್ಲಿ ಜಲ್ಲಿಕಲ್ಲಿನ ಮೇಲೆ ನಡೆದರೆ ನೋಡಿದವರಿಗೆ ಗಾಬರಿಯಾದೀತು. ಶುಲ್ಕ ಕೊಟ್ಟು ವಿಶೇಷ ಪ್ರಾರ್ಥನೆ ಮಾಡಿಸುವವರು ಮಾತ್ರ ಮೆಟ್ಟಿಲ ಬಳಿ ಪಾದರಕ್ಷೆ ಬಿಟ್ಟು ಮಂಟಪದ ಒಳಗೆ ಹೋಗುತ್ತಾರೆ. ಸೀರೆ ಉಟ್ಟು ಹೋಗಲು ಯಾವ ಅಡ್ಡಿಯೂ ಇಲ್ಲ. ದೊಡ್ಡ ದೇಗುಲಗಳ ದಾರಿಗಳಿಗೆ ದಪ್ಪ ಜಲ್ಲಿ ಹಾಸಿರುತ್ತಾರೆ, ಆದ್ದರಿಂದ ಗಟ್ಟಿ ಅಟ್ಟೆಯ ಷೂ ಹಾಕಿಕೊಳ್ಳಿ.

ಮಂಟಪದ ಮುಂದೆ ಮರದ ದೊಡ್ಡ ಕಾಣಿಕೆ ಪೆಟ್ಟಿಗೆಯಿರುತ್ತದೆ. ನಾಣ್ಯವನ್ನು ಎಸೆಯದೆ ಮೆಲ್ಲನೆ ಹಾಕಿ. ನಡುವೆ ತೂತಿರುವ 5 ಯೆನ್ ನಾಣ್ಯ ಶುಭವೆಂದು ಹಲವರು ಅದನ್ನೇ ಹುಡುಕಿ ಹಾಕುತ್ತಾರೆ. ಅದು ನಂಬಿಕೆ, ನಿಯಮವಲ್ಲ. ಹಗ್ಗ ಕಟ್ಟಿದ ಗಂಟೆಯಿದ್ದರೆ ಒಮ್ಮೆ ಅಲುಗಿಸಿ. ಆಮೇಲೆ ಸೊಂಟದಿಂದ ಆಳವಾಗಿ ಎರಡು ಬಾರಿ ಬಾಗಿ, ಎದೆಯ ಎತ್ತರಕ್ಕೆ ಕೈ ಜೋಡಿಸಿ, ಬಲ ಅಂಗೈಯನ್ನು ಕೊಂಚ ಕೆಳಕ್ಕೆ ಜಾರಿಸಿ ಎರಡು ಬಾರಿ ಚಪ್ಪಾಳೆ ತಟ್ಟಿ. ಬಳಿಕ ಬೆರಳುಗಳನ್ನು ಸಮ ಮಾಡಿ ಕೈಮುಗಿದು ಪ್ರಾರ್ಥಿಸಿ, ಕೊನೆಗೆ ಇನ್ನೊಮ್ಮೆ ಆಳವಾಗಿ ಬಾಗಿ. ಹಲವರು ಮನಸ್ಸಿನಲ್ಲೇ ತಮ್ಮ ಹೆಸರು, ಊರು ಹೇಳಿಕೊಂಡು, ಮೊದಲು ಕೃತಜ್ಞತೆ, ನಂತರ ಕೋರಿಕೆ ಸಲ್ಲಿಸುತ್ತಾರೆ. ಸಾಷ್ಟಾಂಗ, ಪ್ರದಕ್ಷಿಣೆ ಅಲ್ಲಿನ ರೂಢಿಯಲ್ಲಿ ಇಲ್ಲ. ನಿಮ್ಮ ಹಿಂದೆ ಸಾಲು ಇರುತ್ತದೆ, ಆದ್ದರಿಂದ ಪ್ರಾರ್ಥನೆ ಚಿಕ್ಕದಾಗಿರಲಿ. ದೀರ್ಘ ಸ್ತೋತ್ರ ಹೇಳುವ ಮನಸ್ಸಿದ್ದರೆ ಬದಿಗೆ ಸರಿದು ಮೆಲುದನಿಯಲ್ಲಿ ಹೇಳಿಕೊಳ್ಳಿ.

ಚಪ್ಪಾಳೆ ಏಕೆ ಎಂಬುದಕ್ಕೆ ಹಲವು ವಿವರಣೆಗಳಿವೆ. ಕಾಮಿಯನ್ನು ಎಚ್ಚರಿಸಲು ಎನ್ನುವವರಿದ್ದಾರೆ, ಕೈಯಲ್ಲಿ ಆಯುಧವಿಲ್ಲವೆಂದು ತೋರಿಸಲು ಎನ್ನುವವರೂ ಇದ್ದಾರೆ. ನನಗೆ ಹೆಚ್ಚು ನಂಬಿಕೆ ಹುಟ್ಟಿಸುವುದು 3ನೇ ಶತಮಾನದ ಚೀನೀ ಚರಿತ್ರೆಯ ಒಂದು ಉಲ್ಲೇಖ. ಜಪಾನಿನ ದ್ವೀಪಗಳ ಜನ ದೊಡ್ಡವರನ್ನು ಕಂಡಾಗ ಮಂಡಿಯೂರಿ ನಮಸ್ಕರಿಸುವ ಬದಲು ಕೈತಟ್ಟುತ್ತಾರೆ ಎಂದು ಅದರಲ್ಲಿ ಬರೆದಿದೆ. ಎಂದರೆ ಹಿಂದೆ ಮನುಷ್ಯರಿಗೂ ಸಲ್ಲುತ್ತಿದ್ದ ಗೌರವ ಇಂದು ದೇವತೆಗಳ ಮುಂದೆ ಮಾತ್ರ ಉಳಿದಿದೆ. ಎರಡು ನಮಸ್ಕಾರ, ಎರಡು ಚಪ್ಪಾಳೆ, ಒಂದು ನಮಸ್ಕಾರ ಎಂಬ ಏಕರೂಪದ ಕ್ರಮ ದೇಶಕ್ಕೆಲ್ಲ ಹಬ್ಬಿದ್ದು 1868ರಲ್ಲಿ ಚಕ್ರವರ್ತಿಯ ಆಳ್ವಿಕೆ ಮರಳಿದ ಮೇಜಿ ಕ್ರಾಂತಿಯ ನಂತರವೇ. ಹಳೆಯ ಭಿನ್ನ ಪದ್ಧತಿಗಳೂ ಕೆಲವೆಡೆ ಉಳಿದಿವೆ. ಇಝುಮೊ ತೈಶಾ ಮತ್ತು ಉಸಾ ಜಿಂಗೂ ದೇಗುಲಗಳಲ್ಲಿ ನಾಲ್ಕು ಬಾರಿ ತಟ್ಟುತ್ತಾರೆ. ಹಾಗಾಗಿ ಎಣಿಕೆ ತಪ್ಪಿತೆಂದು ಕಳವಳಪಡಬೇಡಿ, ಪಕ್ಕದಲ್ಲಿರುವ ಸ್ಥಳೀಯರನ್ನು ನೋಡಿ ಅನುಸರಿಸಿದರೆ ಸಾಕು.

ಹೂವು, ಹಣ್ಣು, ತೆಂಗಿನಕಾಯಿ, ಕರ್ಪೂರ ಒಯ್ಯಬೇಡಿ. ಅವನ್ನು ಸ್ವೀಕರಿಸುವ ವ್ಯವಸ್ಥೆ ಅಲ್ಲಿಲ್ಲ, ಬಹುತೇಕ ಕಟ್ಟಡಗಳು ಮರದವಾದ್ದರಿಂದ ಬೆಂಕಿಯ ಭಯವೂ ಇದೆ. ನೈವೇದ್ಯವೇನೋ ಉಂಟು, ಅದನ್ನು ಅರ್ಪಿಸುವವರು ಅರ್ಚಕರು. ಅಕ್ಕಿ, ನೀರು, ಉಪ್ಪು, ಸಾಕೆ ಮದ್ಯ, ತರಕಾರಿ, ಕಡಲಕಳೆ, ಇವುಗಳ ಜೊತೆ ಮೀನನ್ನೂ ಇಡುತ್ತಾರೆ. ನೀವು ಸಸ್ಯಾಹಾರಿಗಳಾಗಿದ್ದರೆ ಇದು ಮೊದಲೇ ತಿಳಿದಿರುವುದು ಒಳ್ಳೆಯದು. ಇಸೆಯ ಎರಡು ಮುಖ್ಯ ದೇಗುಲಗಳಲ್ಲಿ ಒಂದಾದ ಹೊರ ದೇಗುಲದಲ್ಲಿ ದಿನಕ್ಕೆ ಎರಡು ಬಾರಿ, ಬೆಳಿಗ್ಗೆ ಮತ್ತು ಸಂಜೆ, ಮರಕ್ಕೆ ಮರ ಮಥಿಸಿ ಹುಟ್ಟಿಸಿದ ಬೆಂಕಿಯಲ್ಲಿ ಅಡುಗೆ ಮಾಡಿ ಅರ್ಪಿಸುತ್ತಾರೆ. ಸುಮಾರು 1,500 ವರ್ಷಗಳಿಂದ ನಡೆದುಬಂದದ್ದೆಂದು ಅವರು ಹೇಳುವ ವಿಧಿ ಅದು. ನಮ್ಮಲ್ಲಿ ಯಜ್ಞಕ್ಕೆ ಅರಣಿ ಕಡೆದು ಅಗ್ನಿ ಹುಟ್ಟಿಸುವುದನ್ನು ನೋಡಿದವರಿಗೆ ಅದರ ಗೌರವ ಬೇಗ ತಿಳಿಯುತ್ತದೆ. ಸಾಮಾನ್ಯ ಭೇಟಿಯಲ್ಲಿ ಪ್ರಸಾದ ಹಂಚುವ ಪದ್ಧತಿಯಿಲ್ಲ. ವಿಶೇಷ ಪ್ರಾರ್ಥನೆಯ ನಂತರ ಪುಟ್ಟ ಬಟ್ಟಲಲ್ಲಿ ಸಾಕೆ ಕೊಡುವುದುಂಟು. ಬೇಡವಾದರೆ ಎರಡೂ ಕೈಯಿಂದ ಬಟ್ಟಲನ್ನು ಮುಖದ ಹತ್ತಿರಕ್ಕೆತ್ತಿ ಹಿಂದಿರುಗಿಸಿದರೆ ಅಗೌರವವಾಗುವುದಿಲ್ಲ.

ಈಗ ನಿಮ್ಮ ಅತ್ತೆಯವರ ವಿಷಯ. ಈ ಪ್ರಶ್ನೆಯನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಹೊರಗಿನಿಂದ ಬರುವವರು ಇದನ್ನು ಯೋಚಿಸುವುದೇ ಅಪರೂಪ. ಶಿಂತೋದಲ್ಲೂ ಸಾವಿನ ಮೈಲಿಗೆ ಇದೆ, ಅದನ್ನು ಅವರು ಕೆಗಾರೆ ಎನ್ನುತ್ತಾರೆ. ಅದು ಪಾಪವೆಂದಾಗಲಿ, ತೀರಿಕೊಂಡವರು ಕೆಟ್ಟವರೆಂದಾಗಲಿ ಅರ್ಥವಲ್ಲ. ಅಗಲಿಕೆಯಿಂದ ಮನೆಯವರ ಚೈತನ್ಯ ಬಾಡಿರುತ್ತದೆ, ಆ ಸ್ಥಿತಿಯಲ್ಲಿ ಕಾಮಿಯ ಮುಂದೆ ಹೋಗದೆ ದುಃಖದ ಜೊತೆಗಿರಬೇಕೆಂಬುದು ಭಾವನೆ. ಮನೆಯೊಳಗೆ ಕಾಮಿಯ ಪುಟ್ಟ ಗೂಡಿದ್ದರೆ ಅದರ ಮುಂದೆ ಬಿಳಿ ಕಾಗದ ಅಂಟಿಸಿ ಪೂಜೆ ನಿಲ್ಲಿಸುತ್ತಾರೆ. 1874ರ ಸರ್ಕಾರಿ ಆದೇಶವೊಂದು ತಂದೆ ತಾಯಿ ತೀರಿದರೆ 50 ದಿನಗಳೆಂದು ನಿಗದಿ ಮಾಡಿತ್ತು. ಇಂದು ಅದು ಕಾನೂನಲ್ಲ, ಆದರೂ 50 ದಿನಗಳ ಲೆಕ್ಕವನ್ನು ದೇಗುಲಗಳವರು ಈಗಲೂ ಹೇಳುತ್ತಾರೆ. ಅಷ್ಟು ದಿನ ಕಳೆದ ಮೇಲೆ ದೇಗುಲಕ್ಕೆ ಹೋಗಲು ಅಡ್ಡಿಯಿಲ್ಲ.

ಸೆಪ್ಟೆಂಬರ್ ಕೊನೆಯಿಂದ ಎಣಿಸಿದರೆ ನಿಮ್ಮ ಪತಿಯವರಿಗೆ ನವೆಂಬರ್ ಮೂರನೆಯ ವಾರದ ಹೊತ್ತಿಗೆ ಆ 50 ದಿನಗಳು ತುಂಬುತ್ತವೆ. ಹೀಗಾಗಿ ಪ್ರವಾಸದ ಮೊದಲ ಭಾಗವನ್ನು ಬೌದ್ಧ ಮಂದಿರಗಳಿಗೆ ಇಟ್ಟುಕೊಳ್ಳಿ. ಅಲ್ಲಿ ಸಾವಿನ ಮೈಲಿಗೆಯ ತಡೆ ಇಲ್ಲ, ಅಗಲಿದವರ ಹೆಸರಿನಲ್ಲಿ ಧೂಪ ಹಚ್ಚಿ ಕೈಮುಗಿಯಬಹುದು. ಅತ್ತೆಯವರನ್ನು ನೆನೆಯಲು ಅದಕ್ಕಿಂತ ತಕ್ಕ ಜಾಗ ಜಪಾನಿನಲ್ಲಿಲ್ಲ. ಇಸೆಯನ್ನು ಪ್ರವಾಸದ ಕೊನೆಗೆ ಇಟ್ಟುಕೊಳ್ಳಿ. ವರ್ಷಾಬ್ದಿಕದವರೆಗೆ ಕ್ಷೇತ್ರಗಳಿಗೆ ಹೋಗಬಾರದೆಂಬ ನಿಯಮ ನಿಮ್ಮ ಮನೆತನದಲ್ಲಿದ್ದರೆ ಅದು ನಿಮ್ಮ ಹಿರಿಯರ ಜೊತೆ ಕುಳಿತು ತೀರ್ಮಾನಿಸಬೇಕಾದ ಮಾತು, ಜಪಾನಿನ ಕಡೆಯಿಂದ ಅಂಥ ನಿರ್ಬಂಧವಿಲ್ಲ. ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಮುಟ್ಟಿನ ದಿನಗಳಲ್ಲಿ ದೂರವಿರುವ ರೂಢಿ ಹಿಂದೆ ಅಲ್ಲಿಯೂ ಇತ್ತು. ಇಂದು ದೇಗುಲಕ್ಕೆ ಬರುವ ಹೆಣ್ಣುಮಕ್ಕಳನ್ನು ಯಾರೂ ವಿಚಾರಿಸುವುದಿಲ್ಲ. ಹೆಣ್ಣುಮಕ್ಕಳಿಗೆ ಪ್ರವೇಶವೇ ಇಲ್ಲದ ಒಕಿನೊಶಿಮಾ ದ್ವೀಪದಂಥ ಸ್ಥಳ ಉಂಟು, ಆದರೆ 2018ರಿಂದ ಅಲ್ಲಿಗೆ ಸಾರ್ವಜನಿಕರಾದ ಗಂಡಸರಿಗೂ ಪ್ರವೇಶವಿಲ್ಲ.

ಬೌದ್ಧ ಮಂದಿರ ಯಾವುದು, ಶಿಂತೋ ದೇಗುಲ ಯಾವುದು ಎಂದು ಗುರುತಿಸಲು ತೋರಿಯನ್ನು ನೋಡಿ. ಟೋಕಿಯೊದ ಅಸಾಕುಸದಲ್ಲಿ ಎರಡೂ ಪಕ್ಕಪಕ್ಕದಲ್ಲಿವೆ. ದೊಡ್ಡ ಕೆಂಪು ಲಾಂದ್ರ ತೂಗುವ ಸೆನ್ಸೋಜಿ ಬೌದ್ಧರದು, ಅಲ್ಲಿ ಧೂಪವಿದೆ, ಚಪ್ಪಾಳೆಯಿಲ್ಲ. ಅದರ ಪಕ್ಕದ ಅಸಾಕುಸ ದೇಗುಲ ಶಿಂತೋ, ಅಲ್ಲಿ ಚಪ್ಪಾಳೆಯುಂಟು. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಇವೆರಡೂ ಬೆರೆತೇ ಇದ್ದವು. 1868ರಲ್ಲಿ ಹೊಸ ಸರ್ಕಾರ ಆಜ್ಞೆ ಹೊರಡಿಸಿ ಬೇರ್ಪಡಿಸಿತು, ಆ ಭರದಲ್ಲಿ ಎಷ್ಟೋ ಬೌದ್ಧ ಮೂರ್ತಿಗಳು ನಾಶವಾದವು. ಧರ್ಮದ ಇತಿಹಾಸದಲ್ಲಿ ನನಗೆ ಬಹಳ ನೋವು ಕೊಡುವ ಅಧ್ಯಾಯಗಳಲ್ಲಿ ಅದೊಂದು.

ಆ ಬೆರಕೆಯ ದಾರಿಯಲ್ಲೇ ನಮ್ಮ ದೇವತೆಗಳೂ ಅಲ್ಲಿಗೆ ಹೋಗಿ ನೆಲೆಸಿದ್ದಾರೆ. ಬೆಂಜೈತೆನ್ ಎಂದರೆ ನಮ್ಮ ಸರಸ್ವತಿ, ಬೌದ್ಧ ಸೂತ್ರಗಳ ಮೂಲಕ ಚೀನಾ ದಾಟಿ ಹೋದವಳು. ಕೈಯಲ್ಲಿ ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ. ಟೋಕಿಯೊದಿಂದ ರೈಲಿನಲ್ಲಿ ಒಂದು ಗಂಟೆಯ ಆಸುಪಾಸಿನಲ್ಲಿರುವ ಎನೊಶಿಮಾ ದ್ವೀಪದ ದೇಗುಲದಲ್ಲಿ ಅವಳ ಎರಡು ಹಳೆಯ ಮೂರ್ತಿಗಳನ್ನು ಎಂಟು ಮೂಲೆಯ ಮಂಟಪದಲ್ಲಿ ಇಟ್ಟಿದ್ದಾರೆ, ಒಂದಕ್ಕೆ ಎಂಟು ತೋಳು. ದರ್ಶನವಿಲ್ಲವೆಂದು ಮೇಲೆ ಹೇಳಿದ ಮಾತಿಗೆ ಇದು ಸೊಗಸಾದ ಅಪವಾದ. ಅಲ್ಲಿಗೆ ಹತ್ತಿರದ ಕಾಮಾಕುರದಲ್ಲಿ ಇದೇ ದೇವಿಗೆ ಸಂಬಂಧಿಸಿದ ಗುಹೆಯೊಂದಿದ್ದು, ಅಲ್ಲಿನ ಬುಗ್ಗೆಯ ನೀರಿನಲ್ಲಿ ಜನ ಬುಟ್ಟಿಯಲ್ಲಿ ನಾಣ್ಯ, ನೋಟು ಇಟ್ಟು ತೊಳೆಯುತ್ತಾರೆ. ಶಿಂತೋ ದೇಗುಲವಾದರೂ ಅಲ್ಲಿ ಇಂದಿಗೂ ಧೂಪ, ಮೇಣದಬತ್ತಿ ಹಚ್ಚುತ್ತಾರೆ. ಶಿಕೊಕು ದ್ವೀಪದ ಕೊಂಪಿರಾ ದೇವರ ಹೆಸರು ಸಂಸ್ಕೃತದ ಕುಂಭೀರದಿಂದ, ಅಂದರೆ ಗಂಗೆಯ ಮೊಸಳೆಯಿಂದ ಬಂದದ್ದು. ನಾವಿಕರನ್ನು ಕಾಯುವ ದೇವರು. ಆದರೆ ಮುಖ್ಯ ದೇಗುಲಕ್ಕೆ 785 ಮೆಟ್ಟಿಲುಗಳಿವೆ, ಮೊಣಕಾಲು ನೋವಿದ್ದರೆ ಈ ಬಾರಿ ಬಿಟ್ಟುಬಿಡಿ.

ಕ್ಯೋಟೋದಲ್ಲಿ ನೀವು ಫುಶಿಮಿ ಇನಾರಿಗೆ ಹೋಗಿಯೇ ಹೋಗುತ್ತೀರಿ. ಇನಾರಿ ರೈಲು ನಿಲ್ದಾಣದ ಎದುರಿಗೇ ಅದರ ದೊಡ್ಡ ತೋರಿ ಇದೆ. 711ರಲ್ಲಿ ಸ್ಥಾಪನೆಯಾಯಿತೆಂಬ ನಂಬಿಕೆಯ ಈ ದೇಗುಲದಲ್ಲಿ ಇನಾರಿ ಅನ್ನದ, ಬೆಳೆಯ, ವ್ಯಾಪಾರದ ದೇವತೆ. ಎಲ್ಲೆಡೆ ಕಾಣುವ ನರಿಗಳು ದೇವರಲ್ಲ, ದೂತರು. ಬೆಟ್ಟದುದ್ದಕ್ಕೂ ಸಾಲುಗಟ್ಟಿದ ಕೆಂಪು ತೋರಿಗಳನ್ನು ಹರಕೆಯಾಗಿ ಕೊಟ್ಟ ವ್ಯಾಪಾರಿಗಳ ಹೆಸರುಗಳು ಅವುಗಳ ಹಿಂಬದಿಯಲ್ಲಿವೆ. ಚಿತ್ರ ತೆಗೆಯುವ ಜನರ ನೂಕುನುಗ್ಗಲಿನಲ್ಲಿ ಕೆಳಗಿನ ಮುಖ್ಯ ಮಂಟಪವನ್ನೇ ಬಹಳ ಮಂದಿ ಮರೆತು ಮೇಲೇರುತ್ತಾರೆ, ನೀವು ಹಾಗೆ ಮಾಡಬೇಡಿ. 233 ಮೀಟರ್ ಎತ್ತರದ ಬೆಟ್ಟವನ್ನು ಪೂರ್ತಿ ಸುತ್ತುವುದಕ್ಕೆ ಸುಮಾರು ಎರಡು ಗಂಟೆ ಬೇಕು. ಬೆಳಿಗ್ಗೆ ಬೇಗ ಹೋದರೆ ಅಲ್ಲಿ ಪೂಜೆಗೆ ಬರುವ ಸ್ಥಳೀಯರೇ ಹೆಚ್ಚು.

ನನ್ನನ್ನು ಕೇಳಿದರೆ, ಒಂದೇ ಕಡೆ ಹೋಗಲು ಸಮಯವಿದ್ದರೂ ಇಸೆಗೆ ಹೋಗಿ. ರೂಢಿಯಂತೆ ಮೊದಲು ಅನ್ನದ ದೇವತೆ ತೊಯೊಉಕೆಯ ಹೊರ ದೇಗುಲ, ನಂತರ ಸೂರ್ಯದೇವಿ ಅಮಾತೆರಾಸುವಿನ ಒಳ ದೇಗುಲ. ಹೊರ ದೇಗುಲದಲ್ಲಿ ದಾರಿಯ ಎಡಬದಿ, ಒಳ ದೇಗುಲದಲ್ಲಿ ಬಲಬದಿ ಹಿಡಿದು ನಡೆಯಬೇಕು. ಒಳ ದೇಗುಲದಲ್ಲಿ ಉಜಿ ಸೇತುವೆ ದಾಟಿದ ಮೇಲೆ ಇಸುಝು ನದಿಯ ದಂಡೆಗಿಳಿದು ಹರಿಯುವ ನೀರಿನಲ್ಲೇ ಕೈ ತೊಳೆಯಬಹುದು. ದೇವಿಯ ಮನೆ ನಾಲ್ಕು ಸುತ್ತು ಬೇಲಿಗಳ ಒಳಗಿದೆ. ಕಾಣುವುದು ಹುಲ್ಲಿನ ಮಾಡಿನ ತುದಿ, ಎದುರಿಗೆ ಬಾಗಿಲಲ್ಲಿ ತೂಗುವ ಬಿಳಿಯ ಬಟ್ಟೆ, ಅಷ್ಟೇ. ಮೆಟ್ಟಿಲುಗಳ ಮೇಲೆ ಛಾಯಾಚಿತ್ರ ನಿಷಿದ್ಧ. ಭವಿಷ್ಯದ ಚೀಟಿ ಇಲ್ಲಿ ಸಿಗುವುದಿಲ್ಲ. ಮುಖ್ಯ ಗುಡಿಯ ಮುಂದೆ ಸ್ವಂತ ಬೇಡಿಕೆಗಿಂತ ಕೃತಜ್ಞತೆ ಸಲ್ಲಿಸುವುದು ಇಲ್ಲಿನ ವಾಡಿಕೆ. 690ರಿಂದ, ಯುದ್ಧಗಳ ಕಾಲದಲ್ಲಿ ನಿಂತದ್ದು ಬಿಟ್ಟರೆ, 20 ವರ್ಷಕ್ಕೊಮ್ಮೆ ಪಕ್ಕದ ಖಾಲಿ ನೆಲದಲ್ಲಿ ಅದೇ ಅಳತೆಯ ಹೊಸ ಗುಡಿ ಕಟ್ಟಿ ದೇವಿಯನ್ನು ರಾತ್ರಿಯ ಕತ್ತಲಲ್ಲಿ ಸ್ಥಳಾಂತರಿಸುತ್ತಾರೆ. ಕಳೆದ ಬಾರಿ 2013ರಲ್ಲಿ 62ನೆಯದು ನಡೆಯಿತು. 2033ಕ್ಕೆ ಮುಂದಿನದು, ಅದರ ವಿಧಿಗಳು 2025ರಲ್ಲೇ ಆರಂಭವಾಗಿವೆ. ಹಳೆಯ ಕಟ್ಟಡವನ್ನು ಉಳಿಸಿಕೊಳ್ಳುವ ಬದಲು ಕಟ್ಟುವ ಕೈಗಳನ್ನು ತಲೆಮಾರಿನಿಂದ ತಲೆಮಾರಿಗೆ ಉಳಿಸಿಕೊಂಡ ಜನ ಅವರು.

ಟೋಕಿಯೊದಲ್ಲಿ ಮಗಳ ಜೊತೆ ಮೇಜಿ ಜಿಂಗೂಗೆ ಹೋಗುವುದಾದರೆ, ಅದು 1920ರದು, ಚಕ್ರವರ್ತಿ ಮೇಜಿ ಮತ್ತು ಅವರ ಪತ್ನಿಯ ಸ್ಮರಣೆಯ ದೇಗುಲ. ಸುತ್ತಲಿನ ದಟ್ಟ ಕಾಡು ಜನರು ಕೊಟ್ಟ ಸುಮಾರು ಒಂದು ಲಕ್ಷ ಗಿಡಗಳಿಂದ ಬೆಳೆದದ್ದು. ಸೂರ್ಯೋದಯಕ್ಕೆ ತೆರೆದು ಸೂರ್ಯಾಸ್ತಕ್ಕೆ ಮುಚ್ಚುತ್ತಾರೆ. ನವೆಂಬರ್ 15ರ ಆಸುಪಾಸಿನಲ್ಲಿ ಮೂರು, ಐದು, ಏಳು ವರ್ಷದ ಮಕ್ಕಳನ್ನು ಕಿಮೊನೊ ಉಡಿಸಿ ಕರೆತರುತ್ತಾರೆ. ಆ ಮಕ್ಕಳ ಚಿತ್ರವನ್ನು ಪೋಷಕರನ್ನು ಕೇಳದೆ ತೆಗೆಯಬೇಡಿ, ಮದುವೆಯ ಮೆರವಣಿಗೆ ಬಂದರೆ ದಾರಿ ಬಿಡಿ. ಹರಕೆಯ ಮರದ ಹಲಗೆಗಳು ಅಲ್ಲಿ ಸಿಗುತ್ತವೆ. ಹಿಂದೆ ದೇವರಿಗೆ ಕುದುರೆ ಕೊಡುತ್ತಿದ್ದರು, ಕಾಲಕ್ರಮೇಣ ಅದರ ಜಾಗಕ್ಕೆ ಚಿತ್ರದ ಹಲಗೆ ಬಂತು. ಪ್ರಪಂಚದ ನಾನಾ ಲಿಪಿಗಳ ಕೋರಿಕೆಗಳು ಅಲ್ಲಿ ತೂಗುತ್ತಿರುತ್ತವೆ, ನೀವು ಕನ್ನಡದಲ್ಲೇ ಬರೆಯಿರಿ. ದೇಗುಲದ ಮುದ್ರೆ ಒತ್ತಿ ಕುಂಚದಲ್ಲಿ ಬರೆದುಕೊಡುವ ಪುಸ್ತಕ ಕೊಳ್ಳುವುದಾದರೆ ಮೊದಲು ನಮಸ್ಕಾರ ಮುಗಿಸಿ ಆಮೇಲೆ ಹೋಗಿ. ಒಂದು ಮುದ್ರೆಗೆ ಸಾಮಾನ್ಯವಾಗಿ 300ರಿಂದ 500 ಯೆನ್ ಆಗುತ್ತದೆ, ಪುಸ್ತಕದ ಬೆಲೆ ಬೇರೆ.

ಕೊನೆಯದಾಗಿ ರಕ್ಷೆ. ಒಮಾಮೊರಿ ಎಂಬ ಆ ಪುಟ್ಟ ಬಟ್ಟೆಯ ಚೀಲವನ್ನು ನಿಮ್ಮ ದೇವರ ಮನೆಯಲ್ಲಿ ಇಡಬಹುದು, ಪರ್ಸಿನಲ್ಲಿ ಒಯ್ಯಬಹುದು. ಆದರೆ ಅದನ್ನು ಬಿಚ್ಚಿ ಒಳಗೇನಿದೆ ಎಂದು ನೋಡಬಾರದು. ಒಂದು ವರ್ಷದ ನಂತರ ಕೃತಜ್ಞತೆಯಿಂದ ಹಿಂದಿರುಗಿಸುವುದು ಪದ್ಧತಿ. ಹಳೆಯ ರಕ್ಷೆಗಳಿಗೆಂದೇ ದೇಗುಲದಲ್ಲಿ ಒಂದು ಜಾಗವಿರುತ್ತದೆ, ಅವನ್ನು ಒಟ್ಟುಗೂಡಿಸಿ ವಿಧಿಪೂರ್ವಕ ಸುಡುತ್ತಾರೆ. ಮಗಳು ಅಲ್ಲೇ ಇರುವುದರಿಂದ ಅವಳ ಕೈಗೆ ಕಳಿಸಿಕೊಡಿ. ಪಡೆದ ದೇಗುಲಕ್ಕೇ ಒಪ್ಪಿಸಿದರೆ ಉತ್ತಮ. ಬೌದ್ಧ ಮಂದಿರದಲ್ಲಿ ಪಡೆದದ್ದನ್ನು ಶಿಂತೋ ದೇಗುಲದ ಪೆಟ್ಟಿಗೆಗೆ ಹಾಕದಂತೆ ಅವಳಿಗೆ ಹೇಳಿ.